ಸ್ವಿಚ್ 2 ಮನೆಗೆ ಬಂದಾಗ: ಮೊದಲು ಏನು ಆಡಬೇಕು, ಏನನ್ನು ಕೊಳ್ಳದೆ ತಡೆಯಬೇಕು

ನಿಂಟೆಂಡೊ ಕಂಪನಿಯ ಸ್ವಿಚ್ 2 ಗೇಮ್ ಕನ್ಸೋಲ್ 2025ರ ಜೂನ್ 5ರಂದು ಮಾರುಕಟ್ಟೆಗೆ ಬಂತು. ನಾಲ್ಕೇ ದಿನಗಳಲ್ಲಿ 35 ಲಕ್ಷಕ್ಕೂ ಹೆಚ್ಚು ಮಾರಾಟವಾದವು. ನಿಂಟೆಂಡೊ ಚರಿತ್ರೆಯಲ್ಲಿ ಬೇರೆ ಯಾವ ಕನ್ಸೋಲೂ ಇಷ್ಟು ಬೇಗ ಖರ್ಚಾಗಿರಲಿಲ್ಲ. ಬಿಡುಗಡೆಯಾದ ದೇಶಗಳ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಆದರೂ ಕನ್ನಡದ ಮನೆಗಳಿಗೆ ಇದು ಬರುತ್ತಲೇ ಇದೆ. ಡಲ್ಲಾಸ್, ಸನಿವೇಲ್, ಲಂಡನ್‌ಗಳಲ್ಲಿರುವವರು ಅಲ್ಲೇ ಅಂಗಡಿಯಲ್ಲಿ ಕೊಳ್ಳುತ್ತಾರೆ, ಊರಿಗೆ ಬರುವಾಗ ತಮ್ಮನಿಗೋ ಅಕ್ಕನ ಮಕ್ಕಳಿಗೋ ಒಂದು ತರುತ್ತಾರೆ. ಬೆಂಗಳೂರಿನಲ್ಲಿ ಹೊರದೇಶದ ಮಾಲು ಇಡುವ ಗೇಮ್ ಅಂಗಡಿಗಳಲ್ಲೂ ಸಿಗುತ್ತದೆ. ಕೈಗೆ ಬಂದ ಮೇಲೆ ಏನು ಮಾಡಬೇಕು, ಮೊದಲ ಆಟಗಳಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು ಎಂಬ ಪ್ರಶ್ನೆ ಇವರೆಲ್ಲರದ್ದೂ ಹೌದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ವಿಚ್ 2ರ ನಿಜವಾದ ಬೆಲೆ ಗೊತ್ತಾಗುವುದು ಒಂದೇ ಕೋಣೆಯಲ್ಲಿ ನಾಲ್ಕು ಜನ ಕೂತಾಗ. ಮನೆಯಲ್ಲಿ ಯಾರು ಯಾರು ಆಡುತ್ತಾರೆ ಎಂದು ಎಣಿಸಿ, ಅವರೆಲ್ಲ ಒಟ್ಟಿಗೆ ಆಡಬಹುದಾದ ಒಂದು ಹೊಸ ಆಟ ಕೊಳ್ಳಿ. ಉಳಿದ ಸಮಯಕ್ಕೆ ಹಳೆಯ ಸ್ವಿಚ್‌ನ ಆಟಗಳೇ ಧಾರಾಳವಾಗಿ ಸಾಕು. ಪೆಟ್ಟಿಗೆಯ ಜೊತೆಗೇ ಐದಾರು ಆಟ ತಂದು ಗುಡ್ಡೆ ಹಾಕಿದರೆ ಎರಡು ತಿಂಗಳ ನಂತರ ಅವುಗಳಲ್ಲಿ ನಾಲ್ಕು ಮುಟ್ಟದೆ ಬಿದ್ದಿರುತ್ತವೆ.

ಇದು ಎಂಥ ಯಂತ್ರ ಎಂಬುದನ್ನು ಗೊತ್ತಿಲ್ಲದವರಿಗಾಗಿ ಚುಟುಕಾಗಿ ಹೇಳುತ್ತೇನೆ. 2017ರ ಮಾರ್ಚ್‌ನಲ್ಲಿ ಬಂದ ಮೊದಲ ಸ್ವಿಚ್‌ನ ಹಾಗೆಯೇ ಇದನ್ನು ಕೈಯಲ್ಲಿ ಹಿಡಿದು ಆಡಬಹುದು, ಡಾಕ್ ಎಂಬ ಸ್ಟ್ಯಾಂಡಿನಲ್ಲಿ ಇಟ್ಟರೆ ಆಟ ಟಿವಿಯಲ್ಲಿ ಮೂಡುತ್ತದೆ. ಪರದೆ 6.2 ಇಂಚಿನಿಂದ 7.9 ಇಂಚಿಗೆ ಬೆಳೆದಿದೆ. ಒಳಗಿನ ಜಾಗ 32 ಜಿಬಿಯಿಂದ 256 ಜಿಬಿಗೆ ಏರಿದೆ. ಟಿವಿಗೆ 4ಕೆ ಚಿತ್ರ ಕಳಿಸಬಲ್ಲದು. ಎರಡೂ ಪಕ್ಕದಲ್ಲಿ ಸಿಕ್ಕಿಸುವ ಜಾಯ್-ಕಾನ್ ಎಂಬ ಪುಟ್ಟ ಕಂಟ್ರೋಲರ್‌ಗಳು ಹಳೆಯದರಲ್ಲಿ ಹಳಿಯ ಮೇಲೆ ಜಾರಿ ಕೂರುತ್ತಿದ್ದವು, ಈಗ ಅಯಸ್ಕಾಂತದಿಂದ ಟಕ್ಕನೆ ಅಂಟಿಕೊಳ್ಳುತ್ತವೆ. ಅಮೆರಿಕದಲ್ಲಿ ಬಿಡುಗಡೆಯ ಬೆಲೆ 449.99 ಡಾಲರ್.

ಕೊಳ್ಳುವ ಮೊದಲು

ಜಪಾನಿನಲ್ಲಿ ಎರಡು ಬಗೆಯ ಸ್ವಿಚ್ 2 ಮಾರುತ್ತಾರೆ. ಬಿಡುಗಡೆಯ ಹೊತ್ತಿನಲ್ಲಿ ಒಂದರ ಬೆಲೆ 49,980 ಯೆನ್, ಇನ್ನೊಂದರದು 69,980 ಯೆನ್. ಅಗ್ಗದ್ದು ಜಪಾನಿ ಭಾಷೆಯಲ್ಲಿ ಮಾತ್ರ ನಡೆಯುತ್ತದೆ. ಮೆನು ಇಂಗ್ಲಿಷಿಗೆ ತಿರುಗುವುದಿಲ್ಲ, ಜಪಾನ್ ದೇಶದ ನಿಂಟೆಂಡೊ ಖಾತೆಯನ್ನು ಬಿಟ್ಟು ಬೇರೆ ಖಾತೆ ಅದಕ್ಕೆ ಸೇರುವುದೂ ಇಲ್ಲ. ಟೋಕಿಯೊಗೆ ಹೋದ ಸ್ನೇಹಿತರು ಕಡಿಮೆ ಬೆಲೆ ಕಂಡು ಅದನ್ನೇ ತಂದುಬಿಟ್ಟರೆ ಇಲ್ಲಿ ಪರದಾಟ ತಪ್ಪಿದ್ದಲ್ಲ. ಜಪಾನಿನಿಂದ ತರಿಸುವುದಾದರೆ ಬಹುಭಾಷೆಯ ಮಾದರಿಯನ್ನೇ ತರಲು ಹೇಳಿ. ಆಟದ ಕಾರ್ಡ್‌ಗಳಿಗೆ ಮಾತ್ರ ಈ ತೊಡಕಿಲ್ಲ. ಅಮೆರಿಕದಲ್ಲಿ ಕೊಂಡ ಕಾರ್ಡು ಇಂಗ್ಲೆಂಡಿನಲ್ಲಿ ಕೊಂಡ ಯಂತ್ರದಲ್ಲಿ ಓಡುತ್ತದೆ.

ಭಾರತಕ್ಕೆ ತರುವವರು ಇನ್ನೂ ಕೆಲವು ಮಾತು ನೆನಪಿಡಬೇಕು. ವಾರಂಟಿ ಕೊಂಡ ದೇಶದ್ದೇ ಆಗಿರುತ್ತದೆ, ಇಲ್ಲಿ ಕೆಟ್ಟರೆ ಕಂಪನಿಯ ಸರ್ವಿಸ್ ಸೆಂಟರ್ ಇಲ್ಲ. ಆದ್ದರಿಂದ ವಿದೇಶದಲ್ಲಿ ಕೊಂಡವರು ಅಲ್ಲಿಯೇ ಬಿಚ್ಚಿ, ಚಾರ್ಜ್ ಮಾಡಿ, ಡಾಕಿನಲ್ಲಿ ಇಟ್ಟು, ಎರಡೂ ಜಾಯ್-ಕಾನ್‌ಗಳ ಎಲ್ಲ ಗುಂಡಿಗಳನ್ನು ಒತ್ತಿ ನೋಡಿ, ನಾಲ್ಕು ದಿನ ಆಡಿದ ಮೇಲೆಯೇ ಸೂಟ್‌ಕೇಸಿಗೆ ಹಾಕುವುದು ಒಳ್ಳೆಯದು. ಸೀಲ್ ಒಡೆಯದೆ ಉಡುಗೊರೆ ಕೊಡಬೇಕೆಂಬ ಆಸೆ ಸಹಜ, ಆದರೆ ದೋಷವಿರುವ ಯಂತ್ರ ಊರಿಗೆ ಬಂದು ಬಿದ್ದರೆ ಅದನ್ನು ಮರಳಿ ಕಳಿಸುವ ಪಾಡು ಯಾರಿಗೂ ಬೇಡ. ವಿಮಾನದಲ್ಲಿ ಇದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಒಳಗೆ ಲಿಥಿಯಂ ಬ್ಯಾಟರಿ ಇದೆ. ಕಸ್ಟಮ್ಸ್ ಮಿತಿಯನ್ನು ಹೊರಡುವ ಮೊದಲೇ ನೋಡಿಕೊಂಡು ಬಿಲ್ಲನ್ನು ಜೊತೆಗಿಡಿ. ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೂ ಕೆಲಸ ಮಾಡುತ್ತದೆ, ಹಾಗಾಗಿ ನಮ್ಮ ಪ್ಲಗ್ಗಿಗೆ ಹೊಂದುವ ಪಿನ್ ಸಾಕು, ಟ್ರಾನ್ಸ್‌ಫಾರ್ಮರ್ ಬೇಕಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಕಟ್ಟೆಚ್ಚರ. ನಕಲು ಆಟ ಓಡಿಸುವ ಕಾರ್ಡು ಹಾಕಿದ ಸ್ವಿಚ್ 2 ಯಂತ್ರಗಳಿಗೆ ನಿಂಟೆಂಡೊ ಆನ್‌ಲೈನ್ ಪ್ರವೇಶವನ್ನೇ ಮುಚ್ಚಿದೆ. ಅಂಥ ಯಂತ್ರ ಹೊರಗಿನಿಂದ ನೋಡಲು ಹೊಸದರಂತೆಯೇ ಇರುತ್ತದೆ. ದುಡ್ಡು ಕೊಡುವ ಮೊದಲು ವೈಫೈಗೆ ಸೇರಿಸಿ, ಕಂಪನಿಯ ಆನ್‌ಲೈನ್ ಅಂಗಡಿಯಾದ ಇ-ಶಾಪ್ ತೆರೆದುಕೊಳ್ಳುತ್ತದೆಯೇ ಎಂದು ಮಾರುವವರ ಎದುರಲ್ಲೇ ನೋಡಿ.

ಮೊದಲ ಸಂಜೆ

ಪರದೆಯ ಮೇಲೆ ತೆಳುವಾದ ಒಂದು ಹಾಳೆ ಅಂಟಿರುತ್ತದೆ. ಮೊಬೈಲ್ ಬಿಚ್ಚಿದಾಗ ಕೀಳುವ ಹಾಳೆಯೆಂದು ತಿಳಿದು ಅದನ್ನು ಕೀಳಬೇಡಿ. ಗಾಜು ಒಡೆದರೆ ಚೂರು ಸಿಡಿಯದಿರಲೆಂದು ಕಾರ್ಖಾನೆಯಲ್ಲೇ ಅಂಟಿಸಿರುವ ಹಾಳೆ ಅದು. ಬೇಕಾದರೆ ಅದರ ಮೇಲೆ ಟೆಂಪರ್ಡ್ ಗ್ಲಾಸ್ ಹಾಕಿಸಿ. ಆಮೇಲಿನ ಮೊದಲ ಕೆಲಸ ಇಂಟರ್‌ನೆಟ್‌ಗೆ ಸೇರಿಸಿ ಸಿಸ್ಟಂ ಅಪ್‌ಡೇಟ್ ಮಾಡುವುದು. ಇದಿಲ್ಲದೆ ಹಳೆಯ ಸ್ವಿಚ್‌ನ ಆಟಗಳು ಓಡುವುದಿಲ್ಲ.

ಮನೆಯಲ್ಲಿ ಹಳೆಯ ಸ್ವಿಚ್ ಇದ್ದವರು ಖಾತೆ, ಆಟ, ಆಡಿದ ದಾಖಲೆ ಎಲ್ಲವನ್ನೂ ಹೊಸದಕ್ಕೆ ಸಾಗಿಸಬಹುದು. ಅದಕ್ಕೆ ಎರಡು ದಾರಿ ಇವೆ. ಎರಡು ಯಂತ್ರಗಳನ್ನೂ ಪಕ್ಕದಲ್ಲಿಟ್ಟು ನೇರವಾಗಿ ಸಾಗಿಸುವುದು ಒಂದು. ಹಳೆಯದರಿಂದ ಕಂಪನಿಯ ಸರ್ವರ್‌ಗೆ ಏರಿಸಿ ಹೊಸದಕ್ಕೆ ಇಳಿಸಿಕೊಳ್ಳುವುದು ಇನ್ನೊಂದು. ಎರಡನೆಯ ದಾರಿಯಲ್ಲಿ ಹಳೆಯ ಯಂತ್ರ ಪೂರ್ತಿ ಅಳಿಸಿಹೋಗುತ್ತದೆ. ಹಳೆಯದನ್ನು ಮಾರುವವರಿಗೆ ಅದು ಸರಿ, ತಂಗಿಗೆ ಕೊಡಬೇಕೆಂದಿರುವವರು ಮೊದಲ ದಾರಿ ಹಿಡಿಯಿರಿ. ಈ ಕೆಲಸ ಮುಗಿಯಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಮಕ್ಕಳು ಶಾಲೆಯಿಂದ ಬರುವ ಮೊದಲೇ ಮುಗಿಸಿಟ್ಟಿರಿ.

ಹಳೆಯ ಮೈಕ್ರೊ ಎಸ್‌ಡಿ ಕಾರ್ಡಿನಲ್ಲಿ ಹೊಸ ಯಂತ್ರದ ಆಟಗಳನ್ನು ಇಡಲಾಗುವುದಿಲ್ಲ. ಮೈಕ್ರೊ ಎಸ್‌ಡಿ ಎಕ್ಸ್‌ಪ್ರೆಸ್ ಎಂಬ ಬೇರೆಯೇ ಜಾತಿಯ, ಬೆಲೆ ಹೆಚ್ಚಿನ ಕಾರ್ಡು ಬೇಕು. ಹಳೆಯ ಕಾರ್ಡಿನಿಂದ ಫೋಟೊ, ವಿಡಿಯೊಗಳನ್ನಷ್ಟೇ ತೆಗೆದುಕೊಳ್ಳಬಹುದು. ಹಾಗೆಂದು ಮೊದಲ ದಿನವೇ ಹೊಸ ಕಾರ್ಡು ಕೊಳ್ಳಬೇಕಿಲ್ಲ. ನಿಂಟೆಂಡೊದ ಸ್ವಂತ ಆಟಗಳು ಹೆಚ್ಚು ಜಾಗ ತಿನ್ನುವುದಿಲ್ಲ, 256 ಜಿಬಿ ತುಂಬಿದ ದಿನ ಆ ಖರ್ಚಿನ ಬಗ್ಗೆ ಯೋಚಿಸಿ. ಹೊರಗಿನ ಕಂಪನಿಗಳ ದೊಡ್ಡ ಆಟಗಳೇ ಬೇಕೆನ್ನುವವರಿಗೆ ಮಾತ್ರ ಅದು ಬೇಗ ಬೇಕಾಗುತ್ತದೆ.

ಟಿವಿಗೆ ಸಿಕ್ಕಿಸಿದ ಮೇಲೆ ರಿಮೋಟ್ ತೆಗೆದುಕೊಂಡು ಟಿವಿಯ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಆನ್ ಮಾಡಿ. ಟಿವಿ ಚಿತ್ರವನ್ನು ನಯಗೊಳಿಸಲು ತೆಗೆದುಕೊಳ್ಳುವ ಕ್ಷಣಾರ್ಧ ಸಿನಿಮಾ ನೋಡುವಾಗ ಗೊತ್ತಾಗದು, ಆಟದಲ್ಲಿ ಗೊತ್ತಾಗುತ್ತದೆ. ಗುಂಡಿ ಒತ್ತಿದ ಮೇಲೆ ಮಾರಿಯೊ ತಡವಾಗಿ ಹಾರುತ್ತಾನೆ, ಆಡುವವರು ತಮಗೇ ಕೈ ಬರುತ್ತಿಲ್ಲವೆಂದು ಬೇಸರಪಡುತ್ತಾರೆ. ಬಹಳ ಮನೆಗಳಲ್ಲಿ ಈ ಒಂದು ಸೆಟ್ಟಿಂಗ್ ಬದಲಾಯಿಸಿದರೆ ಹಿಂದೆಂದೂ ಗೇಮ್ ಆಡದವರಿಗೂ ಆಟ ಹಗುರವಾಗುತ್ತದೆ. ಡಾಕಿನ ಜೊತೆ ಬರುವ ಎಚ್‌ಡಿಎಂಐ ಕೇಬಲ್ಲನ್ನೇ ಬಳಸಿ. ಹಳೆಯ ಸ್ವಿಚ್‌ನ ಡಾಕ್ ಇದಕ್ಕೆ ಆಗುವುದಿಲ್ಲ.

ಬಿಸಿಲಿನ ನಾಡಿನವರು ಒಂದು ಮಾತು ಗಮನಿಸಬೇಕು. 5ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವಿನ ತಾಪಮಾನದಲ್ಲಿ ಇದನ್ನು ಬಳಸಿ ಎಂದು ಕಂಪನಿ ಹೇಳಿದೆ. ಕಲಬುರಗಿ, ರಾಯಚೂರುಗಳಲ್ಲಿ ಏಪ್ರಿಲ್, ಮೇ ಮಧ್ಯಾಹ್ನ 40 ದಾಟುವುದು ಮಾಮೂಲು. ಬೇಸಿಗೆ ರಜೆಯಲ್ಲಿ ಬೆಳಗ್ಗೆ ಇಲ್ಲವೇ ಸಂಜೆ ಆಡಿಸಿ. ಟಿವಿ ಶೋಕೇಸಿನ ಗಾಜಿನ ಬಾಗಿಲ ಹಿಂದೆ ಡಾಕ್ ಇಡಬೇಡಿ, ಗಾಳಿ ಹೋಗುವ ಕಿಂಡಿಗಳು ಯಂತ್ರದ ಮೇಲ್ಭಾಗದಲ್ಲಿವೆ. ಕರೆಂಟು ಹೋದರೆ ಚಿಂತೆಯಿಲ್ಲ, ಡಾಕಿನಿಂದ ಎತ್ತಿಕೊಂಡರೆ ಬ್ಯಾಟರಿಯ ಮೇಲೆ ಆಟ ಮುಂದುವರಿಯುತ್ತದೆ. ಆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂಬುದು ಆಟವನ್ನು ಅವಲಂಬಿಸಿದೆ. ಕಂಪನಿಯ ಲೆಕ್ಕ ಸುಮಾರು 2ರಿಂದ 6.5 ಗಂಟೆ, ಭಾರಿ ಆಟಗಳಲ್ಲಿ ಎರಡು ಗಂಟೆಯನ್ನೇ ನಂಬಿ. ಹೆಚ್ಚಿನ ಹೊತ್ತು ಡಾಕಿನಲ್ಲೇ ಇರುವ ಯಂತ್ರವಾದರೆ, ಶೇಕಡ 90ರ ಆಸುಪಾಸಿನಲ್ಲಿ ಚಾರ್ಜ್ ನಿಲ್ಲಿಸುವ ಆಯ್ಕೆಯನ್ನು ಸೆಟ್ಟಿಂಗ್‌ನಲ್ಲಿ ಆನ್ ಮಾಡಿ. ಬ್ಯಾಟರಿಯ ಆಯಸ್ಸು ಹೆಚ್ಚುತ್ತದೆ.

ಹಳೆಯ ಆಟಗಳಿಂದಲೇ ಶುರುಮಾಡಿ

ಹೊಸ ಯಂತ್ರದ ಶಕ್ತಿ ಥಟ್ಟನೆ ಕಣ್ಣಿಗೆ ಬೀಳುವುದು ನೀವು ಈಗಾಗಲೇ ಬಲ್ಲ ಆಟದಲ್ಲಿ. ಪೋಕೆಮಾನ್ ಸ್ಕಾರ್ಲೆಟ್ ಮತ್ತು ವಯಲೆಟ್ ಇದಕ್ಕೆ ಒಳ್ಳೆಯ ಸಾಕ್ಷಿ. ಹಳೆಯ ಸ್ವಿಚ್‌ನಲ್ಲಿ ಅವು ತಡವರಿಸುತ್ತಿದ್ದವು, ದೂರದ ಪಾತ್ರಗಳು ಕುಂಟುತ್ತ ನಡೆಯುತ್ತಿದ್ದವು. ಈಗ ಉಚಿತ ಅಪ್‌ಡೇಟ್ ಹಾಕಿಕೊಂಡರೆ ಅದೇ ಆಟ ನೀರು ಹರಿದಂತೆ ಸಾಗುತ್ತದೆ. ಸೂಪರ್ ಮಾರಿಯೊ ಒಡಿಸ್ಸಿ, ಸೂಪರ್ ಮಾರಿಯೊ 3ಡಿ ವರ್ಲ್ಡ್, ಜೆಲ್ಡಾ ಸರಣಿಯ ಲಿಂಕ್ಸ್ ಅವೇಕನಿಂಗ್ ಮತ್ತು ಎಕೋಸ್ ಆಫ್ ವಿಸ್ಡಮ್ ಆಟಗಳಿಗೂ ಬಿಟ್ಟಿ ಅಪ್‌ಡೇಟ್ ಇದೆ. ನಿಮ್ಮಲ್ಲಿ ಇವುಗಳಲ್ಲಿ ಯಾವುದಿದ್ದರೂ ಮೊದಲ ವಾರ ಅದನ್ನೇ ಆಡಿ.

ಜೆಲ್ಡಾದ ಬ್ರೆತ್ ಆಫ್ ದ ವೈಲ್ಡ್ ಮತ್ತು ಟಿಯರ್ಸ್ ಆಫ್ ದ ಕಿಂಗ್‌ಡಮ್ ಆಟಗಳ ಹೊಸ ರೂಪಕ್ಕೆ ತಲಾ 9.99 ಡಾಲರ್ ಕೊಡಬೇಕು. ನಿಂಟೆಂಡೊ ಆನ್‌ಲೈನ್‌ನ ದೊಡ್ಡ ಚಂದಾ, ಅಂದರೆ ಎಕ್ಸ್‌ಪಾನ್ಷನ್ ಪ್ಯಾಕ್ ಇದ್ದವರಿಗೆ ಇದು ಚಂದಾದಲ್ಲೇ ಸೇರಿದೆ. ಒಂಟಿಯಾಗಿ ಕೂತು ತಿಂಗಳುಗಟ್ಟಲೆ ಒಂದೇ ಲೋಕದಲ್ಲಿ ಅಲೆಯುವ ಮನಸ್ಸಿದ್ದರೆ ಈ ಎರಡರ ಮುಂದೆ ಹೊಸ ಆಟಗಳು ಯಾವ ಲೆಕ್ಕ? ಬ್ರೆತ್ ಆಫ್ ದ ವೈಲ್ಡ್ 2017ರಲ್ಲಿ ಮೊದಲ ಸ್ವಿಚ್‌ನ ಜೊತೆ ಬಂದ ಆಟ. ಹಸಿರು ಗುಡ್ಡದ ಮೇಲಿನಿಂದ ಆ ನಾಡನ್ನು ಈಗ ನೋಡಿದರೆ, ಈ ಆಟ ಇಷ್ಟು ವರ್ಷ ಇಂಥದೊಂದು ಯಂತ್ರಕ್ಕಾಗಿಯೇ ಕಾದಿತ್ತು ಅನಿಸುತ್ತದೆ.

ಅದೇ ದೊಡ್ಡ ಚಂದಾದಲ್ಲಿ ಸ್ವಿಚ್ 2 ಇರುವವರಿಗೆ ಮಾತ್ರ ನಿಂಟೆಂಡೊದ ಹಳೆಯ ಗೇಮ್‌ಕ್ಯೂಬ್ ಕನ್ಸೋಲಿನ ಆಟಗಳು ಸಿಗುತ್ತವೆ. ಸಣ್ಣ ಚಂದಾದಲ್ಲಿ 1980ರ ದಶಕದ ಆಟಗಳಿವೆ. ತೊಂಬತ್ತರ ದಶಕದಲ್ಲಿ ಹಳದಿ ಕ್ಯಾಸೆಟ್ಟು ಸಿಕ್ಕಿಸಿ ಟಿವಿ ಗೇಮ್ ಆಡುತ್ತಿದ್ದ ನಮ್ಮವರು ಆಡಿದ್ದು ಬಹುಪಾಲು ಇದೇ ನಿಂಟೆಂಡೊದ 1983ರ ಫ್ಯಾಮಿಕಾಮ್ ಯಂತ್ರದ ನಕಲುಗಳಲ್ಲಿ. ಸೂಪರ್ ಮಾರಿಯೊ ಬ್ರದರ್ಸ್, ಎಕ್ಸೈಟ್‌ಬೈಕ್ ಎರಡೂ ಇಲ್ಲಿವೆ. ಹೊಸ ಆಟವನ್ನು ಮುಟ್ಟಲು ಹಿಂಜರಿಯುವ ಅಪ್ಪಂದಿರ ಕೈಗೆ ಮೊದಲು ಇವನ್ನು ಕೊಡಿ, ಅವರ ಹೆಬ್ಬೆರಳು ಏನನ್ನೂ ಮರೆತಿರುವುದಿಲ್ಲ.

ಮಾರಿಯೊ ಕಾರ್ಟ್ ವರ್ಲ್ಡ್

ಕೊಳ್ಳಲೇಬೇಕಾದ ಒಂದು ಹೊಸ ಆಟ ಯಾವುದು ಎಂದರೆ ನನ್ನ ಉತ್ತರ ಮಾರಿಯೊ ಕಾರ್ಟ್ ವರ್ಲ್ಡ್. ಬಿಡಿಯಾಗಿ 79.99 ಡಾಲರ್. ಒಂದು ಆಟಕ್ಕೆ ಇದು ದುಬಾರಿ ಎಂಬ ದೂರು ಜಗತ್ತಿನ ಎಲ್ಲೆಡೆ ಕೇಳಿಬಂತು, ಅದು ನ್ಯಾಯವಾದ ದೂರು. ಬಿಡುಗಡೆಯ ದಿನಗಳಲ್ಲಿ ಯಂತ್ರದ ಜೊತೆ ಸೇರಿಸಿ 499.99 ಡಾಲರ್‌ಗೆ ಮಾರಿದ ಪ್ಯಾಕಿನಲ್ಲಿ ಲೆಕ್ಕ ಹಾಕಿದರೆ ಆಟಕ್ಕೆ ಬಿದ್ದದ್ದು 50 ಡಾಲರ್. ಅಂಥ ಪ್ಯಾಕ್ ಸಿಕ್ಕರೆ ಬಿಡಬೇಡಿ.

ಸ್ಪರ್ಧೆಯಲ್ಲಿ 24 ಗಾಡಿಗಳು ಓಡುತ್ತವೆ, ಹಿಂದಿನ ಆಟದಲ್ಲಿ 12 ಇದ್ದವು. ಹಿಂದೆಲ್ಲ ಬಿಡಿ ಬಿಡಿ ಟ್ರ್ಯಾಕುಗಳಿದ್ದವು, ಇಲ್ಲಿ ಒಂದಕ್ಕೊಂದು ರಸ್ತೆಯಿಂದ ಕೂಡಿಕೊಂಡ ಒಂದೇ ದೊಡ್ಡ ನಾಡಿದೆ. ಗ್ರ್ಯಾಂಡ್ ಪ್ರಿ ಸ್ಪರ್ಧೆಯಲ್ಲಿ ಒಂದು ಟ್ರ್ಯಾಕಿನಿಂದ ಮುಂದಿನದಕ್ಕೆ ನೀವೇ ಗಾಡಿ ಓಡಿಸಿಕೊಂಡು ಹೋಗುತ್ತೀರಿ. ದಾರಿಯಲ್ಲಿ ಹಗಲು ಸಂಜೆಯಾಗುತ್ತದೆ, ಮಳೆ ಹಿಡಿಯುತ್ತದೆ. ಹಳೆಯ ಆಟದ ಅಭಿಮಾನಿಗಳಲ್ಲಿ ಕೆಲವರಿಗೆ ಈ ನಡುವಿನ ಉದ್ದ ರಸ್ತೆಗಳು ಸಪ್ಪೆ ಎನಿಸಿವೆ. ಒಂದೇ ಟ್ರ್ಯಾಕನ್ನು ಮೂರು ಸುತ್ತು ಸುತ್ತಿ ಪಳಗುವ ಸುಖ ಅಲ್ಲಿ ಕಡಿಮೆಯಾಗಿರುವುದು ನಿಜ.

ಆದರೆ ನಾಕ್‌ಔಟ್ ಟೂರ್ ಎಂಬ ಹೊಸ ಬಗೆಯ ಸ್ಪರ್ಧೆ ಆ ಕೊರತೆಯನ್ನು ಬಡ್ಡಿ ಸಮೇತ ತೀರಿಸುತ್ತದೆ. ನಾಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಲ್ಲದ ಓಟ ಅದು. ಪ್ರತಿ ಗಡಿಯಲ್ಲೂ ಕೊನೆಯ ನಾಲ್ವರು ಔಟ್. 24 ಜನ 20 ಆಗುತ್ತಾರೆ, ಆಮೇಲೆ 16, 12, 8, ಕೊನೆಯ ಹಂತಕ್ಕೆ ಬರುವವರು ನಾಲ್ಕೇ ಜನ. ಗಡಿಯ ಹತ್ತಿರ ಬಂದಾಗ ನೀವು 17ನೆಯವರಾಗಿದ್ದರೆ ಎದೆ ಹೊಡೆದುಕೊಳ್ಳುವುದು ನಿಮಗೇ ಕೇಳಿಸುತ್ತದೆ. ಔಟಾದವರು ಪಕ್ಕದವರ ಓಟಕ್ಕೆ ಕೂಗು ಹಾಕತೊಡಗುತ್ತಾರೆ, ಹಾಗಾಗಿ ಸೋತವರೂ ಕೋಣೆ ಬಿಟ್ಟು ಏಳುವುದಿಲ್ಲ. ಮನೆಮಂದಿಗೆ ಇಷ್ಟು ಹೊಂದುವ ಸ್ಪರ್ಧೆಯನ್ನು ನಾನು ಬೇರೆ ಯಾವ ರೇಸಿಂಗ್ ಆಟದಲ್ಲೂ ಕಂಡಿಲ್ಲ.

ಒಂದೇ ಟಿವಿಯಲ್ಲಿ ನಾಲ್ವರು ಆಡಬಹುದು. ಪೆಟ್ಟಿಗೆಯಲ್ಲಿ ಬರುವ ಎರಡು ಜಾಯ್-ಕಾನ್‌ಗಳನ್ನು ಅಡ್ಡಲಾಗಿ ಹಿಡಿದರೆ ಇಬ್ಬರಿಗಾಯಿತು. ಮೂರನೆಯವರಿಗೂ ನಾಲ್ಕನೆಯವರಿಗೂ ಹೊಸ ಜೋಡಿ ಕೊಳ್ಳಬೇಡಿ. ಹಳೆಯ ಸ್ವಿಚ್‌ನ ಜಾಯ್-ಕಾನ್‌ಗಳು ಹೊಸ ಯಂತ್ರಕ್ಕೆ ಅಂಟಿಕೊಳ್ಳದಿದ್ದರೂ ವೈರ್‌ಲೆಸ್ ಆಗಿ ಕೆಲಸ ಮಾಡುತ್ತವೆ. ಪರಿಚಯದವರ ಮನೆಯಲ್ಲಿದ್ದರೆ ಎರವಲು ತನ್ನಿ. ನಾಲ್ವರು ಆಡುವಾಗ ಪರದೆ ನಾಲ್ಕು ಹೋಳಾಗಿ ಚಲನೆಯ ನಯ ಸ್ವಲ್ಪ ಕುಗ್ಗುತ್ತದೆ, ಆಟದ ಮಜಾ ಕುಗ್ಗುವುದಿಲ್ಲ. ಚಿಕ್ಕವರಿಗೂ ಅಜ್ಜ ಅಜ್ಜಿಯರಿಗೂ ಕೊಡುವ ಮುನ್ನ ಸ್ಮಾರ್ಟ್ ಸ್ಟೀರಿಂಗ್ ಮತ್ತು ತಾನಾಗಿ ವೇಗ ಹಿಡಿಯುವ ಆಯ್ಕೆಗಳನ್ನು ಆನ್ ಮಾಡಿ. ಗಾಡಿ ರಸ್ತೆ ಬಿಟ್ಟು ಬೀಳುವುದಿಲ್ಲ, ತಿರುಗಿಸುವುದು ಮತ್ತು ಕೈಗೆ ಸಿಕ್ಕಿದ್ದನ್ನು ಎಸೆಯುವುದಷ್ಟೇ ಅವರ ಕೆಲಸ. ಈ ಆಟದಲ್ಲಿ ಹಸುವೂ ಗಾಡಿ ಓಡಿಸುತ್ತದೆ. ಮಕ್ಕಳು ಮೊದಲು ಆರಿಸುವ ಪಾತ್ರ ಅದೇ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಈ ಯಂತ್ರದ ಮೆನುವಿನಲ್ಲಿ ಕನ್ನಡವಾಗಲಿ ಭಾರತದ ಬೇರೆ ಭಾಷೆಯಾಗಲಿ ಇಲ್ಲ. ಇಂಗ್ಲಿಷ್ ಓದಲು ಬಾರದ ಮಗುವಿಗೆ, ಅಜ್ಜಿಗೆ ಆಟ ಆರಿಸುವಾಗ ಅದರಲ್ಲಿ ಎಷ್ಟು ಓದಬೇಕೆಂಬುದನ್ನು ಮೊದಲು ವಿಚಾರಿಸಿ. ಮಾರಿಯೊ ಕಾರ್ಟ್‌ಗೆ ಒಂದಕ್ಷರವೂ ಬೇಡ. ಜೆಲ್ಡಾ, ಪೋಕೆಮಾನ್‌ಗಳಿಗೆ ಪುಟಗಟ್ಟಲೆ ಓದಬೇಕು.

ಡಾಂಕಿ ಕಾಂಗ್ ಬನಾಂಜಾ

2025ರ ಜುಲೈ 17ರಂದು ಬಂದ ಡಾಂಕಿ ಕಾಂಗ್ ಬನಾಂಜಾ ಒಬ್ಬರೇ ಆಡುವವರಿಗೆ ಈ ಯಂತ್ರದ ಮೊದಲ ದೊಡ್ಡ ಆಟ. ಬೆಲೆ 69.99 ಡಾಲರ್. ಮಾರಿಯೊ ಒಡಿಸ್ಸಿಯನ್ನು ಮಾಡಿದ ತಂಡವೇ ಇದನ್ನೂ ಮಾಡಿದೆ. ಗೊರಿಲ್ಲಾ ಡಾಂಕಿ ಕಾಂಗ್, ಅವನ ಹೆಗಲೇರಿ ಕೂತ 13 ವರ್ಷದ ಹುಡುಗಿ ಪಾಲೀನ್, ಇಬ್ಬರೂ ಭೂಮಿಯ ಪದರ ಪದರಗಳನ್ನು ಇಳಿಯುತ್ತ ನಡುಗರ್ಭಕ್ಕೆ ಹೊರಟಿದ್ದಾರೆ. ಗೋಡೆ, ನೆಲ, ಗುಡ್ಡ, ಕಣ್ಣಿಗೆ ಬಿದ್ದದ್ದರಲ್ಲಿ ಬಹುಪಾಲನ್ನು ಗುದ್ದಿ ಒಡೆಯಬಹುದು. ಒಡೆದ ಬಂಡೆಯನ್ನೇ ಕಿತ್ತು ಇನ್ನೊಂದರ ಮೇಲೆ ಎಸೆಯಬಹುದು. ಪ್ರತಿ ವಸ್ತುವನ್ನೂ ಸಣ್ಣ ಸಣ್ಣ ಘನಗಳಿಂದ ಕಟ್ಟಿರುವುದರಿಂದ ನೀವು ಹೊಡೆದ ಜಾಗದಲ್ಲಿ, ಹೊಡೆದ ಆಕಾರದಲ್ಲೇ ಗುಳಿ ಬೀಳುತ್ತದೆ. ಹಳೆಯ ಸ್ವಿಚ್‌ಗೆ ಈ ಲೆಕ್ಕಾಚಾರದ ಭಾರ ಹೊರಲಾಗುತ್ತಿರಲಿಲ್ಲ. ಹೊಸ ಯಂತ್ರ ಯಾಕೆ ಬೇಕಿತ್ತು ಎಂದು ಕೇಳಿದವರಿಗೆ ನಾನು ಈ ಆಟವನ್ನು ತೋರಿಸುತ್ತೇನೆ.

ಮೊದಲ ಗಂಟೆ ಎಲ್ಲವನ್ನೂ ಒಡೆಯುವುದರಲ್ಲೇ ಕಳೆಯುತ್ತದೆ, ಕಳೆಯಲಿ. ಆಮೇಲೆ ಗುದ್ದುವ ಮುನ್ನ ನಿಂತು ಸುತ್ತ ನೋಡಲು ಶುರುಮಾಡಿ. ಬಾಳೆಹಣ್ಣಿನ ಆಕಾರದ ರತ್ನಗಳು ನೆಲದೊಳಗೆ ಹೂತಿವೆ, ಡಾಂಕಿ ಕಾಂಗ್ ನೆಲವನ್ನು ತಟ್ಟಿದರೆ ಅವು ಎಲ್ಲಿವೆಯೆಂದು ಹೊಳೆದು ತೋರುತ್ತದೆ. ಎಲ್ಲವನ್ನೂ ಹೆಕ್ಕಲೇಬೇಕೆಂಬ ಹಟ ಬೇಡ, ಕಥೆ ಮುಂದುವರಿಸಲು ಅಷ್ಟೂ ಬೇಕಿಲ್ಲ. ಇಬ್ಬರು ಆಡುವ ದಾರಿಯೂ ಇದೆ. ಒಬ್ಬರು ಗೊರಿಲ್ಲಾ, ಇನ್ನೊಬ್ಬರು ಪಾಲೀನ್ ಆಗಿ ಹೆಗಲ ಮೇಲಿನಿಂದ ಗುರಿಯಿಟ್ಟು ದನಿಯನ್ನೇ ಗುಂಡಿನಂತೆ ಹಾರಿಸುವುದು. ಆರೇಳು ವರ್ಷದ ಮಗುವಿಗೆ ಈ ಎರಡನೆಯ ಪಾತ್ರ ಕೊಟ್ಟು ತಾಯಿಯೋ ತಂದೆಯೋ ಗೊರಿಲ್ಲಾ ಆದರೆ ಆಟ ಚೆನ್ನಾಗಿ ಸಾಗುತ್ತದೆ.

ಉಳಿದ ಆಟಗಳು

ವೆಲ್‌ಕಮ್ ಟೂರ್ ಎಂಬ ಆಟ ಬಿಡುಗಡೆಯ ದಿನವೇ ಬಂತು. ಆಕಾಶದೆತ್ತರದ ಸ್ವಿಚ್ 2ರ ಮೇಲೆ ಪುಟ್ಟ ಮನುಷ್ಯನಾಗಿ ನಡೆದಾಡುತ್ತ ಯಂತ್ರದ ಒಂದೊಂದು ಭಾಗದ ಬಗ್ಗೆ ತಿಳಿಯುವ ಆಟ ಅದು. ಕಂಪನದ ಸೂಕ್ಷ್ಮತೆ, ಮೌಸ್, ಪರದೆಯ ಗುಣ ಎಲ್ಲವನ್ನೂ ಪುಟಾಣಿ ಆಟಗಳ ಮೂಲಕ ತೋರಿಸುತ್ತದೆ. ಎಂಜಿನಿಯರಿಂಗ್ ಮನಸ್ಸಿನವರಿಗೆ ಒಂದು ಮಧ್ಯಾಹ್ನದ ಸಂತೋಷ. ಆದರೆ ಯಂತ್ರದ ಜೊತೆ ಬಿಟ್ಟಿ ಕೊಡಬೇಕಾದ ಇದಕ್ಕೆ 9.99 ಡಾಲರ್ ಕೇಳುತ್ತಾರೆ, ಕೆಲವು ಭಾಗಗಳಿಗೆ 4ಕೆ ಟಿವಿಯೂ ಬೇರೆ ಸಾಮಾನುಗಳೂ ಬೇಕು. ಹೆಚ್ಚಿನವರು ಬಿಡಬಹುದು.

ಮೌಸ್ ಎಂದೆನಲ್ಲ, ಜಾಯ್-ಕಾನ್ 2 ಅನ್ನು ಪಕ್ಕಕ್ಕೆ ಉರುಳಿಸಿ ನೆಲದ ಮೇಲೆ ಜಾರಿಸಿದರೆ ಅದು ಕಂಪ್ಯೂಟರಿನ ಮೌಸ್ ಆಗುತ್ತದೆ. ಪೆಟ್ಟಿಗೆಯಲ್ಲಿ ಬರುವ ಪಟ್ಟಿಯನ್ನು ಸಿಕ್ಕಿಸಿಕೊಂಡೇ ಜಾರಿಸಿ, ಅಂಚು ಸವೆಯುವುದಿಲ್ಲ. ಗಾಜಿನ ಟೀಪಾಯಿಯ ಮೇಲೆ ಚೆನ್ನಾಗಿ ನಡೆಯದು. ಚಕ್ಕಂಬಕ್ಕಳ ಹಾಕಿ ಕೂತು ಚಾಪೆಯ ಮೇಲೋ ತೊಡೆಯ ಮೇಲೋ ಜಾರಿಸಬಹುದು. ಸಿವಿಲೈಸೇಶನ್ 7ರಂಥ ಲೆಕ್ಕಾಚಾರದ ಆಟಗಳಲ್ಲಿ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ದೀರ್ಘ ಹೊತ್ತು ಹಿಡಿದರೆ ತೆಳ್ಳಗಿನ ಅಂಚಿನಿಂದ ಕೈ ನೋಯುತ್ತದೆ.

ಹೊರಗಿನ ಕಂಪನಿಗಳ ಆಟಗಳಲ್ಲಿ ಸೈಬರ್‌ಪಂಕ್ 2077 ಮೊದಲು ಹೇಳಬೇಕಾದದ್ದು. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಮಾಡಿದ ಈ ಆಟ 2020ರಲ್ಲಿ ಬಂದಾಗ ಆಗಿನ ಕನ್ಸೋಲ್‌ಗಳಲ್ಲೇ ಕುಂಟುತ್ತಿತ್ತು. ಅದೀಗ ಕೈಯಲ್ಲಿ ಹಿಡಿಯುವ ಯಂತ್ರದಲ್ಲಿ ಮರ್ಯಾದೆಯಿಂದ ಓಡುತ್ತದೆ, ಅದೂ ಪೂರ್ತಿ ಆಟ 64 ಜಿಬಿಯ ಒಂದೇ ಕಾರ್ಡಿನಲ್ಲಿ. ಇದು ವಯಸ್ಕರ ಆಟ, ಮಕ್ಕಳಿರುವ ಮನೆಯಲ್ಲಿ ಹಾಲ್‌ನ ಟಿವಿಯಲ್ಲಿ ಆಡುವಂಥದ್ದಲ್ಲ. ಇಬ್ಬರೇ ಇರುವ ಮನೆಗೆ ಸ್ಪ್ಲಿಟ್ ಫಿಕ್ಷನ್ ಹೇಳಿಮಾಡಿಸಿದಂತಿದೆ, ಅದನ್ನು ಒಬ್ಬರೇ ಆಡಲು ಬರುವುದೇ ಇಲ್ಲ. ಸ್ಟ್ರೀಟ್ ಫೈಟರ್ 6 ಎದುರುಬದುರು ಕಾದಾಡುವವರಿಗೆ. ಫೋರ್ಟ್‌ನೈಟ್ ಬಿಟ್ಟಿ ಸಿಗುತ್ತದೆ.

ಆಟದ ಡಬ್ಬಿ ಕೊಳ್ಳುವಾಗ ಅದರ ಮುಂಭಾಗದ ಕೆಳಗಿನ ಪಟ್ಟಿಯನ್ನು ಓದಿ. ಗೇಮ್-ಕೀ ಕಾರ್ಡ್ ಎಂದಿದ್ದರೆ ಒಳಗಿನ ಕಾರ್ಡಿನಲ್ಲಿ ಆಟವಿಲ್ಲ, ಬೀಗದ ಕೈ ಮಾತ್ರ ಇದೆ. ಆಟವನ್ನು ಇಂಟರ್‌ನೆಟ್‌ನಿಂದ ಪೂರ್ತಿ ಇಳಿಸಿಕೊಳ್ಳಬೇಕು, ಆಡುವಾಗ ಕಾರ್ಡನ್ನೂ ಸಿಕ್ಕಿಸಿರಬೇಕು. ಸ್ಟ್ರೀಟ್ ಫೈಟರ್ 6 ಹೀಗೆಯೇ ಬಂದಿದೆ. ಹಳ್ಳಿಯಲ್ಲಿ, ನಿಧಾನದ ಇಂಟರ್‌ನೆಟ್ ಇರುವ ಊರಲ್ಲಿ ಇರುವವರಿಗೆ ಅಂಥ ಡಬ್ಬಿಯನ್ನು ಉಡುಗೊರೆ ಕೊಡಬೇಡಿ. ಭಾರತದಲ್ಲಿ ಇರುವವರಿಗೆ ನನ್ನ ಸಲಹೆ ಪೂರ್ತಿ ಆಟವಿರುವ ಕಾರ್ಡುಗಳೇ. ಇಲ್ಲಿಗೆಂದು ಇ-ಶಾಪ್ ಇಲ್ಲದ ಕಾರಣ ಬೇರೆ ದೇಶದ ಖಾತೆ, ಆ ದೇಶದ ಗಿಫ್ಟ್ ಕಾರ್ಡು ಎಂದೆಲ್ಲ ಒದ್ದಾಡಬೇಕಾಗುತ್ತದೆ. ಕಾರ್ಡಾದರೆ ಆಡಿ ಮುಗಿಸಿ ಮಾರಬಹುದು, ಸ್ನೇಹಿತರೊಂದಿಗೆ ಬದಲಾಯಿಸಿಕೊಳ್ಳಬಹುದು.

ಮಕ್ಕಳ ಕೈಗೆ ಕೊಡುವ ಮುನ್ನ

ನಿಂಟೆಂಡೊದ ಪೇರೆಂಟಲ್ ಕಂಟ್ರೋಲ್ಸ್ ಆ್ಯಪನ್ನು ನಿಮ್ಮ ಫೋನಿಗೆ ಹಾಕಿಕೊಳ್ಳಿ. ದಿನಕ್ಕೆ ಎಷ್ಟು ಹೊತ್ತು, ಯಾವ ವಯಸ್ಸಿನ ಆಟ ಎಂಬುದನ್ನು ಅದರಲ್ಲೇ ಗೊತ್ತುಮಾಡಬಹುದು. ಜಾಯ್-ಕಾನ್‌ನ ಹೊಸ ಸಿ ಗುಂಡಿ ಒತ್ತಿದರೆ ತೆರೆಯುವ ಗೇಮ್‌ಚಾಟ್‌ನಲ್ಲಿ ಆಡುತ್ತಲೇ ಸ್ನೇಹಿತರೊಡನೆ ಮಾತಾಡಬಹುದು, ಮೈಕ್ ಯಂತ್ರದಲ್ಲೇ ಇದೆ. 16 ವರ್ಷದೊಳಗಿನವರು ಇದನ್ನು ಬಳಸಲು ಹೆತ್ತವರು ಆ ಆ್ಯಪಿನಲ್ಲಿ ಒಪ್ಪಿಗೆ ಕೊಡಬೇಕು. ಡಲ್ಲಾಸ್‌ನಲ್ಲಿ ಒಬ್ಬ, ಲಂಡನ್‌ನಲ್ಲಿ ಒಬ್ಬಳು ಎಂದು ಚದುರಿಹೋದ ಅಣ್ಣ ತಂಗಿಯರಿಗೆ ಇದು ಬಹಳ ಒಳ್ಳೆಯ ಸೌಲಭ್ಯ. 2026ರ ಮಾರ್ಚ್ 31ರವರೆಗೆ ಉಚಿತವಾಗಿ ಕೊಟ್ಟಿದ್ದರು, ಆ ನಂತರ ಆನ್‌ಲೈನ್ ಚಂದಾ ಬೇಕು. ಇದರ ಜೊತೆಗೇ ಬಂದ ಗೇಮ್‌ಶೇರನ್ನೂ ಮರೆಯಬೇಡಿ. ಮಾರಿಯೊ ಒಡಿಸ್ಸಿಯಂಥ ಕೆಲವು ಆಟಗಳನ್ನು ನೀವೊಬ್ಬರು ಕೊಂಡಿದ್ದರೆ, ಪಕ್ಕದಲ್ಲಿರುವ ಹಳೆಯ ಸ್ವಿಚ್‌ನಲ್ಲೂ ಇನ್ನೊಬ್ಬರು ಜೊತೆಗೂಡಿ ಆಡಬಹುದು.

ಜಾಯ್-ಕಾನ್ ಮೇಲೆ ಹೆಬ್ಬೆರಳಿನಿಂದ ತಿರುಗಿಸುವ ಕಡ್ಡಿಗಳ ವಿಚಾರದಲ್ಲಿ ಎಚ್ಚರವಿರಲಿ. ಹಳೆಯ ಸ್ವಿಚ್‌ನಲ್ಲಿ ಕಡ್ಡಿ ಮುಟ್ಟದಿದ್ದರೂ ಪಾತ್ರ ತಾನೇ ನಡೆಯುವ ದೋಷ ಲಕ್ಷಾಂತರ ಜನರನ್ನು ಕಾಡಿತ್ತು. ಹೊಸ ಕಡ್ಡಿಗಳನ್ನು ಹೊಸದಾಗಿಯೇ ರೂಪಿಸಿದ್ದೇವೆ ಎಂದಿರುವ ಕಂಪನಿ, ಸವೆತವಿಲ್ಲದ ಅಯಸ್ಕಾಂತದ ಸೆನ್ಸರನ್ನು ಅವುಗಳಲ್ಲಿ ಹಾಕಿಲ್ಲ. ಊಟದ ಕೈಯಲ್ಲಿ ಮುಟ್ಟದಿರುವುದು, ಧೂಳು ಬೀಳದಂತೆ ಮುಚ್ಚಿಡುವುದು ನಮ್ಮ ಕೈಲಿರುವ ಜಾಗ್ರತೆ.

ಇನ್ನು ತೀರ್ಪು. ಮನೆಯಲ್ಲಿ ಮೂರು ನಾಲ್ಕು ಜನ ಆಡುವವರಿದ್ದು, ತಂದುಕೊಡುವವರು ವಿದೇಶದಲ್ಲಿದ್ದರೆ ಸ್ವಿಚ್ 2 ಮತ್ತು ಮಾರಿಯೊ ಕಾರ್ಟ್ ವರ್ಲ್ಡ್ ಸಾಕು, ಎರಡನೆಯ ಆಟ ಬನಾಂಜಾ ಆಗಲಿ. ಹಳೆಯ ಸ್ವಿಚ್ ಚೆನ್ನಾಗಿದ್ದು, ಅದರಲ್ಲಿ ಆಡದೆ ಉಳಿದ ಆಟಗಳಿದ್ದರೆ ಅವನ್ನು ಮೊದಲು ಮುಗಿಸಿ. ಹಳೆಯದು ಒಎಲ್‌ಇಡಿ ಪರದೆಯ ಮಾದರಿಯಾಗಿದ್ದು, ನೀವು ಬರೀ ಕೈಯಲ್ಲಿ ಹಿಡಿದೇ ಆಡುವವರಾದರೆ ಒಮ್ಮೆ ಯಾರದಾದರೂ ಸ್ವಿಚ್ 2 ನೋಡಿ ನಿರ್ಧರಿಸಿ, ಹೊಸದರ ಎಲ್‌ಸಿಡಿ ಪರದೆ ದೊಡ್ಡದು, ಆದರೆ ಅದರ ಕಪ್ಪು ಅಷ್ಟು ಕಪ್ಪಲ್ಲ. ಭಾರತದಲ್ಲಿದ್ದು ರಿಪೇರಿಯ ಭರವಸೆ ಬೇಕೇಬೇಕು ಎನ್ನುವವರು ಇಲ್ಲಿ ಅಧಿಕೃತವಾಗಿ ಮಾರುವ ಬೇರೆ ಕನ್ಸೋಲ್ ಕಡೆ ನೋಡುವುದೇ ಸರಿ.